ಉಪಕರಣ ಯಾರದು, ನೆಲ ಯಾರದು? ಬೋರ್ಲ್ಯಾಂಡ್–ಮೈಕ್ರೋಸಾಫ್ಟ್ ಪೈಪೋಟಿಯ ಮರುಪರಿಶೀಲನೆ

ಅಮೆರಿಕದ ‘ಬೈಟ್’ ಪತ್ರಿಕೆಯ 1983ರ ನವೆಂಬರ್ ಸಂಚಿಕೆಯಲ್ಲಿ ಟರ್ಬೊ ಪ್ಯಾಸ್ಕಲ್ ಎಂಬ ಕಂಪೈಲರಿನ ಜಾಹೀರಾತು ಬಂತು. ಬೆಲೆ 49.95 ಡಾಲರ್. ಮೈಕ್ರೋಸಾಫ್ಟ್ ಮೊದಲಾದವರ ಪ್ಯಾಸ್ಕಲ್ ಬೇಕೆಂದರೆ ಆಗ ನೂರಾರು ಡಾಲರ್ ತೆರಬೇಕಿತ್ತು. ಮಾರುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸ್ಕಾಟ್ಸ್ ವ್ಯಾಲಿಯ ಬೋರ್ಲ್ಯಾಂಡ್ ಎಂಬ ಪುಟ್ಟ ಕಂಪನಿ. ಅದರ ಯಜಮಾನ ಫ್ರಾನ್ಸಿನಿಂದ ಬಂದ ಫಿಲಿಪ್ ಕಾನ್. ಕಂಪೈಲರಿನ ತಿರುಳನ್ನು ಬರೆದವನು ಡೆನ್ಮಾರ್ಕಿನ ಯುವಕ ಆಂಡರ್ಸ್ ಹೈಲ್ಸ್‌ಬರ್ಗ್. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಮೂವತ್ತು ವರ್ಷಗಳ ಕಥೆಯಲ್ಲಿ ಕಂಪನಿಗಳು ಬದಲಾಗುತ್ತವೆ, ಈತ ಮಾತ್ರ ಮತ್ತೆ ಮತ್ತೆ ಎದುರಾಗುತ್ತಾನೆ.

ಅಗ್ಗದ ಬೆಲೆಯೊಂದೇ ಟರ್ಬೊ ಪ್ಯಾಸ್ಕಲ್ಲನ್ನು ಗೆಲ್ಲಿಸಲಿಲ್ಲ. ಅದಕ್ಕೂ ಮೊದಲು ಪ್ರೋಗ್ರಾಮರ್ ಒಂದು ಎಡಿಟರಿನಲ್ಲಿ ಬರೆದು, ಫ್ಲಾಪಿಗೆ ಉಳಿಸಿ, ಹೊರಬಂದು ಕಂಪೈಲರ್ ಓಡಿಸಿ, ಆಮೇಲೆ ಲಿಂಕರ್ ಓಡಿಸಬೇಕಿತ್ತು. ತಪ್ಪು ಕಂಡರೆ ಮತ್ತೆ ಮೊದಲಿನಿಂದ. ಹೈಲ್ಸ್‌ಬರ್ಗ್ ಇವೆಲ್ಲವನ್ನೂ ಒಂದೇ ಪ್ರೋಗ್ರಾಮಿಗೆ ತುಂಬಿದ. ಕೆಲಸವೆಲ್ಲ ಮೆಮೊರಿಯಲ್ಲೇ ನಡೆಯುತ್ತಿತ್ತು. ತಪ್ಪಿದ್ದ ಜಾಗಕ್ಕೇ ಕರ್ಸರ್ ಹೋಗಿ ನಿಲ್ಲುತ್ತಿತ್ತು. 3.02 ಆವೃತ್ತಿಯಲ್ಲೂ ಎಡಿಟರ್ ಸಮೇತ ಇಡೀ ಫೈಲಿನ ಗಾತ್ರ 40 ಕಿಲೋಬೈಟಿನೊಳಗೆ. ಇಂದು ಮೊಬೈಲಿನಲ್ಲಿ ಕಳಿಸುವ ಒಂದು ಸಾಧಾರಣ ಫೋಟೊ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಪರವಾನಗಿಯೂ ಹಾಗೆಯೇ ಸರಳ: ತಂತ್ರಾಂಶವನ್ನು ಪುಸ್ತಕದಂತೆ ಯಾರಿಗೆ ಬೇಕಾದರೂ ಕೊಡಬಹುದು, ಏಕಕಾಲಕ್ಕೆ ಇಬ್ಬರು ಬಳಸದಿದ್ದರೆ ಸಾಕು.

ಮೈಕ್ರೋಸಾಫ್ಟ್ ಸುಮ್ಮನಿರಲಿಲ್ಲ. 1987ರಲ್ಲಿ ಬೋರ್ಲ್ಯಾಂಡಿನ ಟರ್ಬೊ ಸಿ ಬಂದ ವರ್ಷವೇ ಕ್ವಿಕ್ ಸಿ ತಂದಿತು; 1989ರಲ್ಲಿ ಕ್ವಿಕ್ ಪ್ಯಾಸ್ಕಲ್. ಹೆಸರುಗಳಲ್ಲೇ ಅನುಕರಣೆ ಕಾಣುತ್ತದೆ. ಆದರೆ ಡಾಸ್ ಕಾಲದ ಈ ಸೆಣಸಾಟ ಬಹುಮಟ್ಟಿಗೆ ಸಮಬಲದ್ದು. ಡಾಸ್ ಮೈಕ್ರೋಸಾಫ್ಟಿನದೇ ಆದರೂ ಅದು ಪ್ರೋಗ್ರಾಮರಿಗೆ ಒದಗಿಸುತ್ತಿದ್ದ ಸೇವೆ ತೀರ ಕಡಿಮೆ. ಚುರುಕಾದ ಪ್ರೋಗ್ರಾಮುಗಳು ಅದನ್ನು ಬದಿಗಿಟ್ಟು ನೇರವಾಗಿ ಯಂತ್ರದೊಡನೆ ವ್ಯವಹರಿಸುತ್ತಿದ್ದವು. ಹೀಗಾಗಿ ಡಾಸಿನ ಒಡೆತನದಿಂದ ಕಂಪೈಲರ್ ವ್ಯಾಪಾರಕ್ಕೆ ದೊಡ್ಡ ಲಾಭವಿರಲಿಲ್ಲ.

1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಕಿಟಕಿ, ಮೆನು, ಗುಂಡಿ, ಅಕ್ಷರಶೈಲಿ, ಪ್ರಿಂಟರ್ ಎಲ್ಲವನ್ನೂ ವಿಂಡೋಸನ್ನೇ ಕೇಳಿ ಪಡೆಯಬೇಕು. ಅದರ ನೂರಾರು ಕರೆಗಳನ್ನು ರೂಪಿಸುವವರು, ಬದಲಾಯಿಸುವವರು, ಮೊದಲು ತಿಳಿಯುವವರು ಮೈಕ್ರೋಸಾಫ್ಟಿನವರೇ. ಬೋರ್ಲ್ಯಾಂಡಿನ ಸ್ಥಿತಿ ಗೇಣಿದಾರನದಾಯಿತು: ಉಳುಮೆಯಲ್ಲಿ ಎಷ್ಟೇ ನಿಪುಣನಾದರೂ ಹೊಲದ ಬದು ಎಲ್ಲಿ ಬೀಳಬೇಕೆಂದು ಹೇಳುವವನು ಒಡೆಯ. 1991ರಲ್ಲಿ ವಿಷುಯಲ್ ಬೇಸಿಕ್ ಬಂತು. ಪರದೆಯ ಮೇಲೆ ಗುಂಡಿಗಳನ್ನು ಎಳೆದು ಜೋಡಿಸಿ ವಿಂಡೋಸ್ ಪ್ರೋಗ್ರಾಮ್ ಕಟ್ಟುವ ಆ ಬಗೆ ಜನಪ್ರಿಯವಾದಷ್ಟೂ ವಿಂಡೋಸ್ ಬಲಿಯಿತು.

ಬೋರ್ಲ್ಯಾಂಡ್ ಏಕೆ ಸೋತಿತು ಎಂಬುದಕ್ಕೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಮೈಕ್ರೋಸಾಫ್ಟ್ ತನ್ನ ಬಲದಿಂದ ಅದನ್ನು ಹಿಂಡಿತು ಎಂಬುದು ಒಂದು. ಬೋರ್ಲ್ಯಾಂಡ್ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಪುರಾವೆ ಗಟ್ಟಿಯಾಗಿಯೇ ಇದೆ. ಡಿಬೇಸ್ ಎಂಬ ಡೇಟಾಬೇಸಿನ ಒಡೆಯ ಆ್ಯಷ್ಟನ್-ಟೇಟ್ ಕಂಪನಿಯನ್ನು 1991ರಲ್ಲಿ ಸುಮಾರು 44 ಕೋಟಿ ಡಾಲರಿಗೆ ಕೊಂಡಾಗ, ಪ್ಯಾರಡಾಕ್ಸ್ ಎಂಬ ಇನ್ನೊಂದು ಡೇಟಾಬೇಸ್ ಬೋರ್ಲ್ಯಾಂಡಿನ ಬಳಿ ಆಗಲೇ ಇತ್ತು. ಒಂದೇ ಮನೆಯಲ್ಲಿ ಎರಡು ಡೇಟಾಬೇಸ್ ಸಾಕುವ ಗೊಂದಲದಲ್ಲಿ ವಿಂಡೋಸಿಗೆ ಡಿಬೇಸ್ ಬಂದದ್ದು 1994ರಲ್ಲಿ. ಮೈಕ್ರೋಸಾಫ್ಟ್ ಅಷ್ಟರಲ್ಲಿ ಫಾಕ್ಸ್ ಸಾಫ್ಟ್‌ವೇರ್ ಕಂಪನಿಯನ್ನು ಆ್ಯಷ್ಟನ್-ಟೇಟಿನ ಅರ್ಧಕ್ಕೂ ಕಡಿಮೆ ಬೆಲೆಗೆ ಕೊಂಡು, 1992ರ ಕೊನೆಯಲ್ಲಿ ತನ್ನ ಡೇಟಾಬೇಸ್ ಆ್ಯಕ್ಸೆಸನ್ನು 99 ಡಾಲರಿನ ಆರಂಭಿಕ ಬೆಲೆಗೆ ಪೇಟೆಗೆ ಬಿಟ್ಟಿತ್ತು. ಕಡಿಮೆ ಬೆಲೆಯ ಪಟ್ಟು ಬೋರ್ಲ್ಯಾಂಡಿನದೇ. ಈಗ ಅದು ತಿರುಗಿಬಿದ್ದಿತ್ತು.

ಆದರೂ ಈ ವಿವರಣೆ 1995ರ ಮುಂದೆ ತಡವರಿಸುತ್ತದೆ. ಆ ವರ್ಷದ ಜನವರಿಯಲ್ಲಿ ಕಾನ್ ಮುಖ್ಯಾಧಿಕಾರಿ ಹುದ್ದೆಯಿಂದ ಇಳಿದ; ಫೆಬ್ರವರಿ 14ರಂದು ಡೆಲ್ಫಿ ಬಿಡುಗಡೆಯಾಯಿತು. ವಿಷುಯಲ್ ಬೇಸಿಕ್ಕಿನ ಸಲೀಸು ಅದಕ್ಕಿತ್ತು, ಜೊತೆಗೆ ನಿಜವಾದ ಕಂಪೈಲರಿನ ವೇಗವೂ ಇತ್ತು. ಇದರ ಮುಖ್ಯ ಶಿಲ್ಪಿಯೂ ಹೈಲ್ಸ್‌ಬರ್ಗ್. ಒಳ್ಳೆಯ ಉಪಕರಣ ಕಟ್ಟುವ ಶಕ್ತಿ ಬೋರ್ಲ್ಯಾಂಡಿಗೆ ಉಳಿದೇ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮರುವರ್ಷ ಮೈಕ್ರೋಸಾಫ್ಟ್ ಕೈಹಾಕಿದ್ದು ಆ ಶಕ್ತಿಗೇ: ಹೈಲ್ಸ್‌ಬರ್ಗ್‌ನನ್ನೇ ಸೆಳೆದುಕೊಂಡಿತು. ಮೂವತ್ತು ತಿಂಗಳಲ್ಲಿ ತನ್ನ 34 ಮಂದಿಯನ್ನು ಆಮಿಷವೊಡ್ಡಿ ಮೈಕ್ರೋಸಾಫ್ಟ್ ಕರೆದೊಯ್ದಿದೆಯೆಂದು 1997ರ ಮೇ ತಿಂಗಳಲ್ಲಿ ಬೋರ್ಲ್ಯಾಂಡ್ ದಾವೆ ಹೂಡಿತು. 1999ರಲ್ಲಿ ಮೈಕ್ರೋಸಾಫ್ಟ್ ಪೇಟೆಂಟ್ ಹಕ್ಕುಗಳಿಗಾಗಿ 10 ಕೋಟಿ ಡಾಲರ್ ಕೊಟ್ಟು, ಬೋರ್ಲ್ಯಾಂಡಿನ ಷೇರುಗಳಲ್ಲಿ ಇನ್ನೂ 2.5 ಕೋಟಿ ಹೂಡಿತು.

ಮೈಕ್ರೋಸಾಫ್ಟಿನಲ್ಲಿ ಹೈಲ್ಸ್‌ಬರ್ಗ್ ಮೊದಲು ಕೈಹಚ್ಚಿದ್ದು ಸನ್ ಕಂಪನಿಯ ಜಾವಾ ಭಾಷೆಯ ವಿಂಡೋಸ್ ರೂಪ ವಿಷುಯಲ್ ಜೆ++ಗೆ. ಎಲ್ಲ ಯಂತ್ರಗಳಲ್ಲೂ ಒಂದೇ ಪ್ರೋಗ್ರಾಮ್ ಓಡಬೇಕೆಂಬುದು ಜಾವಾದ ಪ್ರತಿಜ್ಞೆ. ವಿಂಡೋಸಿನಲ್ಲಿ ಮಾತ್ರ ಓಡುವ ಸೌಕರ್ಯಗಳನ್ನು ಮೈಕ್ರೋಸಾಫ್ಟ್ ಸೇರಿಸಿದಾಗ ಆ ಪ್ರತಿಜ್ಞೆಗೇ ಧಕ್ಕೆಯೆಂದು ಸನ್ 1997ರ ಅಕ್ಟೋಬರಿನಲ್ಲಿ ಕೋರ್ಟಿಗೆ ಹೋಯಿತು. 2001ರಲ್ಲಿ 2 ಕೋಟಿ ಡಾಲರಿನ ರಾಜಿ. ಅಷ್ಟರಲ್ಲಿ ಜಾವಾದ ಹಂಗು ತೊರೆದ ಸಿ ಶಾರ್ಪ್ ಭಾಷೆಯನ್ನು ಹೈಲ್ಸ್‌ಬರ್ಗ್ ತಂಡ 2000ದಲ್ಲಿ ಪ್ರಕಟಿಸಿಯಾಗಿತ್ತು; 2002ರಲ್ಲಿ ಅದು ಓಡುವ ಡಾಟ್‌ನೆಟ್ ವೇದಿಕೆ ಹೊರಬಂತು. ಡೆಲ್ಫಿ ಬಲ್ಲವರಿಗೆ ಸಿ ಶಾರ್ಪಿನ ಎಷ್ಟೋ ಚಹರೆ ಪರಿಚಿತ.

ಈ ಲೇಖನದ ವಾದ ಇಷ್ಟು: ಎರಡೂ ಕಂಪನಿಗಳು ಒಂದೇ ಸರಕನ್ನು ಮಾರುತ್ತಿದ್ದಂತೆ ಕಂಡರೂ ಅವುಗಳ ಲೆಕ್ಕದ ಪುಸ್ತಕ ಬೇರೆ ಬೇರೆ. ಬೋರ್ಲ್ಯಾಂಡಿಗೆ ಕಂಪೈಲರ್ ಜೀವನೋಪಾಯ. ಮೈಕ್ರೋಸಾಫ್ಟಿಗೆ ಅದು ಪ್ರೋಗ್ರಾಮರುಗಳನ್ನು ವಿಂಡೋಸಿಗೆ ಕರೆತರುವ ಖರ್ಚು. ಉಪಕರಣದಲ್ಲಿ ನಷ್ಟವಾದರೂ ವಿಂಡೋಸ್ ಮತ್ತು ಆಫೀಸ್ ಅದನ್ನು ತುಂಬಿಕೊಡುತ್ತಿದ್ದವು. 2001ರಲ್ಲಿ ಐಬಿಎಂ ತನ್ನ ಎಕ್ಲಿಪ್ಸ್ ಉಪಕರಣವನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟದ್ದೂ ಔದಾರ್ಯದಿಂದಷ್ಟೇ ಅಲ್ಲ. ಅದರ ಗಳಿಕೆ ಬೇರೆ ಕಡೆಯಿತ್ತು. ಪುಕ್ಕಟೆ ಸಿಗುವುದನ್ನು ಮಾರಿ ಬದುಕುವುದು ಬೋರ್ಲ್ಯಾಂಡಿಗೆ ಸಾಧ್ಯವಾಗಲಿಲ್ಲ. 2008ರಲ್ಲಿ ತನ್ನ ಕಂಪೈಲರ್ ವಿಭಾಗವನ್ನು ಎಂಬಾರ್ಕಡೆರೊ ಕಂಪನಿಗೆ ಮಾರಿತು. ಮರುವರ್ಷ ಉಳಿದದ್ದು ಮೈಕ್ರೋ ಫೋಕಸ್ ಪಾಲಾಯಿತು.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. 2000ದಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಉಪಕರಣಗಳ ಕಂಪನಿ ಜೆಟ್‌ಬ್ರೇನ್ಸ್‌ಗೂ ಸ್ವಂತ ವೇದಿಕೆಯಿರಲಿಲ್ಲ, ಅದೂ ಉಚಿತ ಎಕ್ಲಿಪ್ಸಿನ ಎದುರು ಹಣ ಕೇಳಿತು, ಆದರೂ ಬೆಳೆಯಿತು. 2013ರಲ್ಲಿ ಗೂಗಲ್ ಆ್ಯಂಡ್ರಾಯ್ಡ್ ಸ್ಟುಡಿಯೋವನ್ನು ಕಟ್ಟಿದ್ದೇ ಅದರ ಇಂಟೆಲಿಜೆ ಉಪಕರಣದ ಮೇಲೆ. 2017ರಲ್ಲಿ ಅದರ ಕಾಟ್ಲಿನ್ ಭಾಷೆಗೆ ಅಧಿಕೃತ ಮನ್ನಣೆಯನ್ನೂ ಕೊಟ್ಟಿತು. ವ್ಯತ್ಯಾಸವೆಂದರೆ ಜೆಟ್‌ಬ್ರೇನ್ಸ್ ಒಬ್ಬನೇ ಒಡೆಯನನ್ನು ನೆಚ್ಚಲಿಲ್ಲ. ಜಾವಾ ಎಲ್ಲ ಕಡೆ ಓಡುತ್ತಿತ್ತು. ಒಂದು ವೇದಿಕೆ ಮುನಿದರೆ ಇನ್ನೊಂದಿತ್ತು. ಬೋರ್ಲ್ಯಾಂಡಿನ ಜಾವಾ ಉಪಕರಣ ಜೆಬಿಲ್ಡರ್ ಕೂಡ ಇದೇ ದಾರಿಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಹಾಗಾಗಿ ಆಡಳಿತದ ಎಡವಟ್ಟುಗಳಿಗೂ ಈ ಸೋಲಿನಲ್ಲಿ ಪಾಲಿದೆ, ಆದರೆ ಸಣ್ಣ ಪಾಲು.

ಪ್ರೋಗ್ರಾಮರಿನ ಅಭ್ಯಾಸ ಕಂಪನಿಗಿಂತ ದೀರ್ಘಾಯು ಎಂಬುದಕ್ಕೆ ನಮ್ಮ ಕಾಲೇಜುಗಳೇ ಪುರಾವೆ. ಬೋರ್ಲ್ಯಾಂಡ್ ಮುಗಿದ ಎಷ್ಟೋ ವರ್ಷಗಳ ನಂತರವೂ ಕರ್ನಾಟಕವೂ ಸೇರಿದಂತೆ ಭಾರತದ ಅನೇಕ ಲ್ಯಾಬುಗಳಲ್ಲಿ ವಿದ್ಯಾರ್ಥಿಗಳು ಅದರ ಟರ್ಬೊ ಸಿ++ನ ನೀಲಿ ಪರದೆಯ ಮುಂದೆ ಕೂತು ‘ಕೋನಿಯೊ ಡಾಟ್ ಎಚ್’, ‘ಕ್ಲಿಯರ್ ಸ್ಕ್ರೀನ್’, ‘ಗೆಟ್ ಸಿ ಎಚ್’ ಬಾಯಿಪಾಠ ಮಾಡುತ್ತಿದ್ದರು. 64 ಬಿಟ್ ವಿಂಡೋಸಿನಲ್ಲಿ ಅದು ನೇರ ಓಡುವುದಿಲ್ಲ. ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಹಳೆಯ ಡಾಸನ್ನು ಸೃಷ್ಟಿಸಿ ಓಡಿಸಬೇಕು. ಸಿ++ ಭಾಷೆಗೆ ಮೊದಲ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಲ್ಯಾಬುಗಳ ಆ ಕಂಪೈಲರ್ ಅದಕ್ಕೂ ಹಿಂದಿನದು. ಉಚಿತವಾದ, ಮಾನದಂಡದ ಜೊತೆಗೇ ಬೆಳೆಯುತ್ತ ಬಂದ ಕಂಪೈಲರ್ ಜಿಸಿಸಿ 1987ರಿಂದಲೂ ಲಭ್ಯವಿದೆ. ಇಂದಿಗೂ ನೀಲಿ ಪರದೆಗೆ ಅಂಟಿಕೊಂಡಿರುವ ಲ್ಯಾಬುಗಳಿದ್ದರೆ, ಪಠ್ಯಕ್ರಮ ಸಮಿತಿಗಳು ಮುಂದಿನ ಸಭೆಯಲ್ಲೇ ಅದನ್ನು ಕೈಬಿಡಬೇಕು.