ಬಂಡೆಗುಂಡಿಯಲ್ಲಿ ಆಕ್ಟೋಪಸ್ ಕಾಣಬೇಕೆ? ಎಲ್ಲಿ, ಯಾವಾಗ, ಹೇಗೆ – ಇಲ್ಲಿದೆ ಪೂರ್ತಿ ಮಾಹಿತಿ

ತೆಕ್ಕಟ್ಟೆ: ಬೊಂಡಾಸ್ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಕಪ್ಪೆ ಬೊಂಡಾಸ್ ಕೂಡ ಗೊತ್ತು. ಇವೆರಡರ ಹತ್ತಿರದ ನೆಂಟ ಆಕ್ಟೋಪಸ್ ಅನ್ನು ಮಾತ್ರ ಹೆಚ್ಚಿನವರು ಕಂಡದ್ದು ಟಿವಿಯಲ್ಲಿ, ಇಲ್ಲವೇ ಮಲ್ಪೆ, ಗಂಗೊಳ್ಳಿ ಬಂದರಿನಲ್ಲಿ ಬಲೆಯಿಂದ ಸುರಿದ ರಾಶಿಯೊಳಗೆ, ಅದೂ ಸತ್ತ ಮೇಲೆ. ಜೀವಂತ ಆಕ್ಟೋಪಸ್ ಕಾಣಲು ದೋಣಿ ಬೇಕೆಂದಿಲ್ಲ, ನೀರಿಗೆ ಮುಳುಗು ಹಾಕುವುದೂ ಬೇಡ. ಕಡಲು ಇಳಿದಾಗ ಬಂಡೆಗಳ ನಡುವೆ ನೀರು ನಿಲ್ಲುವ ಗುಂಡಿಗಳಿರುತ್ತವಲ್ಲ, ಅಂತಹ ಕಡೆ ಏಡಿ ಹಿಡಿಯಲು ಅದು ಬರುತ್ತದೆ. ಕಾಣಲು ಬೇಕಾದ್ದು ಸರಿಯಾದ ಹೊತ್ತು ಮತ್ತು ತಾಳ್ಮೆ. ಮತ್ತೊಂದು ಮುಖ್ಯ ಸಂಗತಿ ಇದೆ: ಕಲ್ಲು ಮಗುಚಬಾರದು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಎಲ್ಲಿ?

ಕೊಮೆ, ಕೊರವಡಿ, ಬೀಜಾಡಿ, ಕೋಡಿ ತನಕ ನಮ್ಮದು ಹೆಚ್ಚಾಗಿ ಮರಳಿನ ದಂಡೆ. ಮರಳಲ್ಲಿ ನೀರಿನ ಗುಂಡಿ ನಿಲ್ಲುವುದಿಲ್ಲ, ಆಕ್ಟೋಪಸ್‌ಗೆ ಅಡಗಲು ಸಂದಿಯೂ ಸಿಗುವುದಿಲ್ಲ. ಕಡಲ್ಕೊರೆತಕ್ಕೆ ಹಾಕಿದ ತಡೆಗೋಡೆಯ ಕಲ್ಲುಗಳಲ್ಲಿ ಸಂದಿಗಳೇನೋ ಇವೆ. ಆದರೆ ಮರವಂತೆಯಂತಹ ಕಡೆ ಆ ಕಲ್ಲುಗಳ ಮೇಲೆ ಇಳಿಯುವುದು ಬೇಡವೇ ಬೇಡ. ಅವು ಸುರಿದ ಕಲ್ಲುಗಳು, ಕೆಲವು ಅಲುಗಾಡುತ್ತವೆ, ಪಾಚಿ ಬೇರೆ. ಕಾಲು ಸಿಕ್ಕಿಬಿದ್ದರೆ ಮುಂದಿನ ತೆರೆ ಕಾಯುವುದಿಲ್ಲ.

ನಿಜವಾದ ಬಂಡೆ ದಂಡೆಗೆ ಉತ್ತರಕ್ಕೆ ಹೋದರೆ ಬೈಂದೂರಿನ ಸೋಮೇಶ್ವರ ಇದೆ, ಒತ್ತಿನೆಣೆ ಗುಡ್ಡದ ಕೆಳಗೆ. ಕುಂದಾಪುರದಿಂದ ಸುಮಾರು 30 ಕಿ.ಮೀ. ದಕ್ಷಿಣಕ್ಕೆ ಹೋದರೆ ಕಾಪು, 1901ರ ದೀಪಸ್ತಂಭ ನಿಂತಿರುವ ಬಂಡೆಯ ಸುತ್ತಮುತ್ತ. ಮೂರನೆಯದು ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂತಹ ಬಂಡೆಗಳ ನಡುವೆ ಬೇಕಾದಷ್ಟು ಗುಂಡಿಗಳಿವೆ. ಆದರೆ ಬೋಟಿನ ಸಮಯಕ್ಕೂ ಇಳಿತದ ಸಮಯಕ್ಕೂ ತಾಳೆಯಾಗುವ ದಿನವೇ ಹೋಗಬೇಕು.

ನದಿ ಕಡಲು ಸೇರುವ ಅಳಿವೆ ಬಾಯಿಯಲ್ಲಿ ಹುಡುಕಿ ಸಮಯ ಹಾಳು ಮಾಡಬೇಡಿ. ಬೊಂಡಾಸ್, ಕಪ್ಪೆ ಬೊಂಡಾಸ್, ಆಕ್ಟೋಪಸ್ ಈ ಇಡೀ ಗುಂಪಿನಲ್ಲಿ ಸಿಹಿನೀರಿನಲ್ಲಿ ಬದುಕುವ ಒಂದೇ ಒಂದು ಜಾತಿಯೂ ಜಗತ್ತಿನಲ್ಲಿಲ್ಲ. ಮಳೆಗಾಲದಲ್ಲಿ ಪಂಚಗಂಗಾವಳಿಯ ಕೆಂಪು ನೀರು ಕಡಲಿಗೆ ನುಗ್ಗುವಾಗ ಇವು ಆ ಬದಿಗೆ ಸುಳಿಯುವುದಿಲ್ಲ.

ಯಾವಾಗ?

ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ನಂತರದ ಎರಡು ಮೂರು ದಿನ. ಆಗ ಭರತವೂ ಜೋರು, ಇಳಿತವೂ ಜೋರು. ನಮ್ಮ ಕರಾವಳಿಯಲ್ಲಿ ಈ ದಿನಗಳ ಇಳಿತ ಸಾಮಾನ್ಯವಾಗಿ ಬೆಳಗಿನ ಜಾವಕ್ಕೊಂದು, ಸಂಜೆ ಹೊತ್ತಿಗೊಂದು ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ. ಹಾಗಾಗಿ ಹುಣ್ಣಿಮೆ ಕಳೆದು ಎರಡು ದಿನ ಬಿಟ್ಟು ಹೋದರೆ ಬೆಳಗ್ಗಿನ ಬೆಳಕಲ್ಲೇ ಇಳಿತ ಸಿಗುತ್ತದೆ, ಟಾರ್ಚ್ ಹಿಡಿದು ತಡಕಾಡುವುದು ಬೇಡ. ಸರಿಯಾದ ಗಂಟೆಯನ್ನು ಮಲ್ಪೆ ಅಥವಾ ಮಂಗಳೂರಿನ ಉಬ್ಬರವಿಳಿತದ ಪಟ್ಟಿಯಲ್ಲಿ ನೋಡಿಕೊಳ್ಳಿ, ಮೊಬೈಲಲ್ಲೇ ಸಿಗುತ್ತದೆ. ಮನೆ ಹತ್ತಿರ ಮೀನುಗಾರರಿದ್ದರೆ ಪಟ್ಟಿಯೇ ಬೇಡ, ಅವರನ್ನು ಕೇಳಿದರೆ ಮುಗಿಯಿತು.

ಇನ್ನೊಂದು ವಿಷಯ ತಿಳಿದಿರಲಿ. ಮುಂಬೈಯಲ್ಲಿ ಜೋರು ಇಳಿತದ ದಿನ ನೀರು 4 ಮೀಟರ್‌ನಷ್ಟು ಕೆಳಗೆ ಹೋಗುತ್ತದೆ. ನಮ್ಮಲ್ಲಿ ಒಂದೂವರೆ ಮೀಟರ್ ಆಸುಪಾಸು ಅಷ್ಟೇ. ಅಲ್ಲಿ ಕಡಲ ತಳವೇ ತೆರೆದುಕೊಂಡಂತೆ ಕಾಣುತ್ತದೆ, ಇಲ್ಲಿ ಬಂಡೆಯ ಅಂಚಿನ ಸ್ವಲ್ಪ ಭಾಗ ಮಾತ್ರ. ಮುಂಬೈಯಲ್ಲಿ 2017ರಿಂದ 'ಮರೀನ್ ಲೈಫ್ ಆಫ್ ಮುಂಬೈ' ಎಂಬ ತಂಡ ಜನರನ್ನು ಬಂಡೆ ದಂಡೆಗೆ ಕರೆದುಕೊಂಡು ಹೋಗಿ ತೋರಿಸುತ್ತಿದೆ. ಅಷ್ಟು ಗಲೀಜಿನ ಮಹಾನಗರದ ದಂಡೆಯಲ್ಲೂ ಆಕ್ಟೋಪಸ್ ದಾಖಲಾಗಿದೆ. ನಮ್ಮ ದಂಡೆ ಅದಕ್ಕಿಂತ ಎಷ್ಟೋ ಚೊಕ್ಕ, ಆದರೆ ತೆರೆದುಕೊಳ್ಳುವ ಜಾಗ ಕಡಿಮೆ. ಮೂರು ನಾಲ್ಕು ಸಲ ಹೋದರೂ ಕಾಣದೆ ವಾಪಸು ಬರಬೇಕಾದೀತು.

ನವೆಂಬರ್‌ನಿಂದ ಏಪ್ರಿಲ್ ತನಕ ಕಡಲು ಶಾಂತ, ನೀರೂ ತಿಳಿ. ಜೂನ್‌ನಿಂದ ಸೆಪ್ಟೆಂಬರ್ ಬಂಡೆ ಕಡೆ ತಲೆ ಹಾಕಬೇಡಿ. ಯಾಂತ್ರಿಕ ಬೋಟುಗಳಿಗೇ ಜೂನ್ 1ರಿಂದ ಜುಲೈ 31ರ ತನಕ ನಿಷೇಧ ಇರುತ್ತದೆ, ಸೈಂಟ್ ಮೇರೀಸ್‌ಗೂ ಮಳೆಗಾಲದಲ್ಲಿ ಬೋಟಿಲ್ಲ.

ಕಾಣುವುದು ಹೇಗೆ?

ಇಳಿತ ತಳ ಮುಟ್ಟುವ ಒಂದು ಗಂಟೆ ಮೊದಲೇ ಹೋಗಿ. ಒಂದು ಗುಂಡಿ ಆರಿಸಿ, ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕುಳಿತುಕೊಳ್ಳಿ. ಹತ್ತು ಗುಂಡಿಗೆ ಹತ್ತು ನಿಮಿಷ ಕೊಡುವವರಿಗಿಂತ ಒಂದೇ ಗುಂಡಿಗೆ ಅರ್ಧ ಗಂಟೆ ಕೊಡುವವರಿಗೆ ಅದೃಷ್ಟ ಜಾಸ್ತಿ. ಬಿಸಿಲಿನ ಪ್ರತಿಫಲನ ಕಣ್ಣಿಗೆ ಹೊಡೆದರೆ ಪೋಲರಾಯ್ಡ್ ಕನ್ನಡಕ ಹಾಕಿ, ನೀರಿನ ತಳ ಚೆನ್ನಾಗಿ ಕಾಣುತ್ತದೆ.

ಮೊದಲು ಆಕ್ಟೋಪಸ್ ಹುಡುಕಬೇಡಿ, ಅದರ ಮನೆ ಬಾಗಿಲು ಹುಡುಕಿ. ಏಡಿ ಚಿಪ್ಪು, ಕಪ್ಪೆಚಿಪ್ಪು, ಪಚ್ಚಿಲೆ ತಿಂದು ಉಳಿದದ್ದನ್ನು ಅದು ಸಂದಿಯ ಬಾಯಿಯಲ್ಲೇ ಎಸೆಯುತ್ತದೆ. ಕಲ್ಲಿನ ಬಿರುಕಿನ ಎದುರು ಖಾಲಿ ಚಿಪ್ಪುಗಳ ಸಣ್ಣ ರಾಶಿ ಇದ್ದರೆ ಅಲ್ಲೇ ಕಾಯಬಹುದು.

ಚಿಪ್ಪಿನ ತೂತಿನ ಬಗ್ಗೆ ಒಂದು ಮಾತು. ಕೊಮೆ ದಂಡೆಯಂತಹ ಮರಳಲ್ಲಿ ಸಿಗುವ ಚಿಪ್ಪುಗಳಲ್ಲಿ ಡ್ರಿಲ್ ಮಾಡಿದ ಹಾಗೆ ದುಂಡಗಿನ ತೂತು ಇರುತ್ತದಲ್ಲ, ಮಕ್ಕಳು ದಾರ ಪೋಣಿಸಿ ಸರ ಮಾಡುತ್ತಾರೆ. ಹೊರಗೆ ಅಗಲ, ಒಳಗೆ ಕಿರಿದು, ನೀಟಾದ ತೂತಾದರೆ ಅದು ಸಾಮಾನ್ಯವಾಗಿ ಮರಳಿನೊಳಗೆ ಓಡಾಡುವ ಒಂದು ಜಾತಿಯ ಶಂಖದ ಹುಳುವಿನ ಕೆಲಸ. ಆಕ್ಟೋಪಸ್ ಕೂಡ ಚಿಪ್ಪು ಕೊರೆಯುತ್ತದೆ, ಆದರೆ ಅದರ ತೂತು ತೀರಾ ಸಣ್ಣದು, ಅಂಕುಡೊಂಕು. ಅಷ್ಟರಲ್ಲೇ ವಿಷ ಬಿಟ್ಟು ಒಳಗಿನ ಮಾಂಸ ಸಡಿಲ ಮಾಡಿಕೊಳ್ಳುತ್ತದೆ.

ಇನ್ನು ಆಕ್ಟೋಪಸ್ಸೇ ಎದುರಿಗಿದ್ದರೂ ಕಾಣುವುದಿಲ್ಲ, ಅದೇ ತಮಾಷೆ. ಚರ್ಮದಲ್ಲಿ ಬಣ್ಣ ತುಂಬಿದ ಸಾವಿರಾರು ಸಣ್ಣ ಚೀಲಗಳಿವೆ. ಸ್ನಾಯು ಎಳೆದರೆ ಚೀಲ ಅಗಲವಾಗಿ ಬಣ್ಣ ಕಾಣುತ್ತದೆ, ಬಿಟ್ಟರೆ ಚುಕ್ಕೆಯಾಗುತ್ತದೆ. ಕ್ಷಣದಲ್ಲಿ ಬಂಡೆಯ ಬಣ್ಣ, ಇನ್ನೊಂದು ಕ್ಷಣದಲ್ಲಿ ಪಾಚಿ ಬಣ್ಣ. ಚರ್ಮವನ್ನು ಉಬ್ಬುತಗ್ಗು ಮಾಡಿ ಕಲ್ಲಿನಷ್ಟೇ ಒರಟು ಕೂಡ ಮಾಡಿಕೊಳ್ಳುತ್ತದೆ. ಇಷ್ಟೆಲ್ಲ ಬಣ್ಣ ಹೊಂದಿಸುವ ಈ ಪ್ರಾಣಿಗೆ ನಮ್ಮಂತೆ ಬಣ್ಣ ಗುರುತಿಸುವ ಕಣ್ಣಿಲ್ಲ ಅಂದರೆ ನಂಬ್ತೀರಾ? ಕಣ್ಣಿನಲ್ಲಿ ಬೆಳಕು ಹಿಡಿಯುವ ವರ್ಣದ್ರವ್ಯ ಒಂದೇ ಬಗೆಯದು.

ಅದನ್ನು ಬಿಟ್ಟುಕೊಡುವುದು ಉಸಿರು. ದೇಹದ ಚೀಲ ಮೆಲ್ಲಗೆ ಉಬ್ಬಿ ಇಳಿಯುತ್ತದೆ, ಬದಿಯ ಕೊಳವೆಯಿಂದ ನೀರು ಹೊರಗೆ ಬರುತ್ತದೆ. ಗುಂಡಿಯಲ್ಲಿ ಒಂದು 'ಕಲ್ಲು' ಉಸಿರಾಡಿದರೆ ಅದೇ. ಮೇಲೆ ಎರಡು ಗುಬ್ಬಿಯಂತೆ ಎದ್ದಿರುವ ಕಣ್ಣು, ಅಡ್ಡಗೆರೆಯಂತಹ ಪಾಪೆ ಕಾಣುತ್ತದೆ. ಆ ಹೊತ್ತಿಗೆ ಅದು ನಿಮ್ಮನ್ನು ಕಂಡು ತುಂಬಾ ಹೊತ್ತಾಗಿರುತ್ತದೆ. ಅಲುಗಾಡದೆ ಕುಳಿತರೆ ಒಂದು ತೋಳು ಮೆಲ್ಲಗೆ ಹೊರಗೆ ಬಂದು ಅತ್ತಿತ್ತ ತಡವುತ್ತದೆ. ಸಾಮಾನ್ಯ ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ತೋಳುಗಳಲ್ಲೇ ಇವೆ. ಹೃದಯ ಮೂರು, ರಕ್ತ ನೀಲಿ.

ಬೊಂಡಾಸ್‌ಗೂ ಇದಕ್ಕೂ ವ್ಯತ್ಯಾಸ ಕೇಳಿದರೆ: ಬೊಂಡಾಸ್ ಮತ್ತು ಕಪ್ಪೆ ಬೊಂಡಾಸ್‌ಗೆ ಎಂಟು ತೋಳಿನ ಜೊತೆ ಎರಡು ಉದ್ದದ ಎಳೆಗಳಿವೆ, ಒಟ್ಟು ಹತ್ತು. ಆಕ್ಟೋಪಸ್‌ಗೆ ಎಂಟೇ. ಕಪ್ಪೆ ಬೊಂಡಾಸ್ ಒಳಗೆ ಬಿಳಿ ಓಡು ಇರುತ್ತದೆ, ದಂಡೆಗೆ ತೇಲಿ ಬರುವ ಅದೇ ಓಡು ಆಯುರ್ವೇದ ಮದ್ದಿನ ಅಂಗಡಿಯಲ್ಲಿ ಸಮುದ್ರಫೇನ. ಬಂಡೆಗುಂಡಿಯ ಆಕ್ಟೋಪಸ್ ಒಳಗೆ ಅಂಥ ಗಟ್ಟಿ ಓಡಿಲ್ಲ. ಗಟ್ಟಿ ಎಂದರೆ ಗಿಳಿಯ ಕೊಕ್ಕಿನಂತಹ ಬಾಯಿ. ಆ ಬಾಯಿ ನುಸುಳಿದ ತೂತಿನಲ್ಲಿ ಇಡೀ ಪ್ರಾಣಿ ನುಸುಳುತ್ತದೆ.

ತೆಂಗಿನ ನಾಡಿನವರಿಗೆ ಖುಷಿಯಾಗುವ ಒಂದು ಸಂಗತಿ. ಇಂಡೋನೇಷ್ಯಾದ ಕಡಲಲ್ಲಿ ಒಂದು ಜಾತಿಯ ಆಕ್ಟೋಪಸ್ ತೆಂಗಿನ ಗೆರಟೆಯನ್ನು ಹೊಟ್ಟೆಯಡಿ ಹಿಡಿದು ಹೊತ್ತುಕೊಂಡು ಹೋಗಿ, ಬೇಕಾದಾಗ ಎರಡು ಗೆರಟೆ ಮುಚ್ಚಿ ಒಳಗೆ ಕುಳಿತುಕೊಳ್ಳುವುದನ್ನು ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಆ ಜಾತಿ ಭಾರತದ ಕಡಲಿನಲ್ಲೂ ಇದೆ. ಗೆರಟೆ ಸಿಗದಿದ್ದರೆ ಬಾಟಲಿ, ಡಬ್ಬಿಯಲ್ಲೂ ಆಕ್ಟೋಪಸ್‌ಗಳು ಅಡಗುತ್ತವೆ. ಹಾಗಾಗಿ ದಂಡೆ ಸ್ವಚ್ಛ ಮಾಡುವಾಗ ನೀರಿನೊಳಗಿನ ಬಾಟಲಿ, ಡಬ್ಬಿಯನ್ನು ಚೀಲಕ್ಕೆ ಹಾಕುವ ಮೊದಲು ಒಳಗೆ ಇಣುಕಿ.

ಕಲ್ಲು ಯಾಕೆ ಮಗುಚಬಾರದು?

2010ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಭವಿಷ್ಯ ಹೇಳಿದ ಜರ್ಮನಿಯ ಆಕ್ಟೋಪಸ್ ಪೌಲ್ ನೆನಪಿದೆಯಾ? ಅದೇ ವರ್ಷ ಅಕ್ಟೋಬರ್‌ನಲ್ಲಿ ಸತ್ತಿತು, ಹುಟ್ಟಿದ್ದು 2008ರಲ್ಲಿ. ಯಾರೂ ಏನೂ ಮಾಡಿದ್ದಲ್ಲ, ಇವುಗಳ ಆಯುಷ್ಯವೇ ಅಷ್ಟು. ನಮ್ಮಂತಹ ಬಿಸಿ ಕಡಲಿನ ಸಣ್ಣ ಜಾತಿಗಳಿಗೆ ಒಂದು ವರ್ಷ ಸಿಕ್ಕರೆ ಹೆಚ್ಚು.

ಈ ಆಯುಷ್ಯದಲ್ಲಿ ಹೆಣ್ಣು ಮೊಟ್ಟೆಯಿಡುವುದು ಒಂದೇ ಸಲ. ಸಂದಿಯ ಒಳಗೆ, ಕಲ್ಲಿನ ಅಡಿಗೆ ಅಕ್ಕಿ ಕಾಳಿನಂತಹ ಮೊಟ್ಟೆಗಳನ್ನು ಗೊಂಚಲು ಗೊಂಚಲಾಗಿ ಅಂಟಿಸುತ್ತದೆ. ಕೆಲವು ಜಾತಿಗಳಲ್ಲಿ ನೂರಾರು, ಸಾಮಾನ್ಯ ಆಕ್ಟೋಪಸ್‌ನಲ್ಲಿ ಲಕ್ಷಕ್ಕೂ ಮೇಲೆ. ಆಮೇಲೆ ಅಲ್ಲಿಂದ ಕದಲುವುದಿಲ್ಲ. ಮೊಟ್ಟೆಗಳ ಮೇಲೆ ನೀರು ಊದಿ ಗಾಳಿಯಾಡಿಸುತ್ತದೆ, ತೋಳಿನಿಂದ ಸವರಿ ಚೊಕ್ಕ ಮಾಡುತ್ತದೆ, ಏಡಿ ಮೀನು ಹತ್ತಿರ ಬಂದರೆ ಓಡಿಸುತ್ತದೆ. ಊಟ ಬಿಡುತ್ತದೆ. ಮರಿ ಹೊರಬರುವ ಹೊತ್ತಿಗೆ ತಾಯಿ ಸಾಯುತ್ತದೆ. ಕಣ್ಣಿನ ಹಿಂದಿನ ಒಂದು ಗ್ರಂಥಿಯೇ ಇದಕ್ಕೆ ಕಾರಣ ಎಂದು ಅಮೆರಿಕದ ಜೆರೋಮ್ ವೊಡಿನ್ಸ್ಕಿ 1977ರಲ್ಲಿ ತೋರಿಸಿದರು. ಆ ಗ್ರಂಥಿ ತೆಗೆದಾಗ ತಾಯಿ ಮೊಟ್ಟೆ ಬಿಟ್ಟು ಮತ್ತೆ ತಿನ್ನಲು ಶುರು ಮಾಡಿತು, ಹೆಚ್ಚು ದಿನ ಬದುಕಿತು.

ಈಗ ನಾವು ಮಕ್ಕಳಿಗೆ ತೋರಿಸಲಿಕ್ಕೆಂದು ಆ ಕಲ್ಲು ಮಗುಚಿದರೆ ಏನಾಗುತ್ತದೆ? ಮೊಟ್ಟೆ ಮೇಲೆ ಬಂತು, ಬಿಸಿಲು ಬಿತ್ತು, ಏಡಿ ಬಂತು, ತಾಯಿ ಓಡಿತು. ಅದಕ್ಕೆ ಎರಡನೇ ಅವಕಾಶ ಇಲ್ಲ. ಕೋಡಿಯಲ್ಲಿ ಕಡಲಾಮೆ ಮೊಟ್ಟೆಗೆ ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಬೇಲಿ ಹಾಕಿ ಕಾಯುತ್ತಾರೆ. ಕಲ್ಲಿನ ಅಡಿಯ ಮೊಟ್ಟೆಗೆ ಇರುವ ಬೇಲಿ ಆ ಕಲ್ಲೊಂದೇ. ಅಪ್ಪಿತಪ್ಪಿ ಸಣ್ಣ ಕಲ್ಲು ಎತ್ತಿದ್ದರೆ, ಎತ್ತಿದ ಹಾಗೆಯೇ, ಅದೇ ಮುಖ ಕೆಳಗೆ ಮಾಡಿ ಮೆಲ್ಲಗೆ ಇಡಿ. ಕೋಲು ಹಾಕಿ ಕೆದಕುವುದು, ಉಪ್ಪು ಸುರಿದು ಹೊರಗೆ ಬರಿಸುವುದು, ಬಕೆಟ್‌ನಲ್ಲಿ ಹಿಡಿದಿಟ್ಟು ರೀಲ್ಸ್ ಮಾಡುವುದು ಬೇಡ. ಹೆದರಿ ಮಸಿ ಬಿಟ್ಟರೆ ಬಕೆಟ್‌ನ ಸ್ವಲ್ಪ ನೀರಲ್ಲಿ ಆ ಮಸಿಯೇ ಅದರ ಉಸಿರು ಕಟ್ಟಿಸುತ್ತದೆ.

ಆಕ್ಟೋಪಸ್ ಹಿಡಿದು ತಿನ್ನುವುದು ತಪ್ಪೆಂದು ಹೇಳುತ್ತಿಲ್ಲ. ಲಕ್ಷದ್ವೀಪದಲ್ಲಿ ಇಳಿತದ ಹೊತ್ತಿಗೆ ಹವಳದ ದಂಡೆಯಲ್ಲಿ ನಡೆದು ಆಕ್ಟೋಪಸ್ ಹಿಡಿಯುವುದು ತಲೆಮಾರುಗಳಿಂದ ಬಂದ ಕೆಲಸ, ಅಲ್ಲಿ ಇದಕ್ಕೆ ಅಪ್ಪಲ್ ಎನ್ನುತ್ತಾರೆ. (ಅಲ್ಲಿನ ಅಮಿನಿದೀವಿ ದ್ವೀಪಗಳು 1956ರ ತನಕ ನಮ್ಮದೇ ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.) ಅವರಿಗೆ ಅದು ಊಟ. ನಮಗೆ ಬಂಡೆಗುಂಡಿ ಊಟದ ಜಾಗವಲ್ಲ, ಬರಿ ಕಾಣುವ ಜಾಗ. ಗುಂಡಿಯಿಂದ ಬೇರೆ ಏನನ್ನೂ ಮನೆಗೆ ತರಬೇಡಿ. ಹವಳ, ಕಡಲ ಸೌತೆ, ಕಡಲ ಕುದುರೆ 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಷೋಕೇಸಿಗೆಂದು ತಂದರೂ ಕೇಸ್ ಆಗುತ್ತದೆ.

ಮುಟ್ಟಬೇಡಿ, ನಿಮಗೋಸ್ಕರ

ಆಕ್ಟೋಪಸ್‌ನ ಜೊಲ್ಲಿನಲ್ಲಿ ವಿಷ ಇರುತ್ತದೆ. ಹೆಚ್ಚಿನ ಜಾತಿಗಳು ಕಚ್ಚಿದರೆ ಉರಿ, ಬಾವು. ಆದರೆ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿರುವ ನೀಲಿ ಉಂಗುರದ ಆಕ್ಟೋಪಸ್ ಅಂಗೈಯೊಳಗೆ ಹಿಡಿಯುವಷ್ಟು ಸಣ್ಣದು, ಕಚ್ಚಿದ್ದು ಗೊತ್ತಾಗದೆಯೂ ಹೋಗಬಹುದು, ಉಸಿರಾಟ ನಿಂತು ಮನುಷ್ಯ ಸಾಯಬಹುದು. ಅದರ ವಿಷಕ್ಕೆ ಮದ್ದಿಲ್ಲ, ಆಸ್ಪತ್ರೆಯಲ್ಲಿ ಕೃತಕ ಉಸಿರಾಟ ಕೊಟ್ಟು ವಿಷ ಇಳಿಯುವ ತನಕ ಕಾಯಬೇಕು. ಉಂಗುರಗಳು ಹೊಳೆಯುವುದು ಅದು ಸಿಟ್ಟಾದಾಗ, ಸುಮ್ಮನಿದ್ದಾಗ ಕಂದು ಬಣ್ಣದ ಸಾದಾ ಆಕ್ಟೋಪಸ್ ತರಹವೇ ಇರುತ್ತದೆ. ಚಂದ ಇದೆ ಅಂತ ಶಂಕುವಿನಾಕಾರದ ಜೀವಂತ ಶಂಖವನ್ನೂ ಕೈಗೆ ತೆಗೆಯಬೇಡಿ, ಅದಕ್ಕೂ ವಿಷದ ಮುಳ್ಳಿದೆ. ಯಾವುದೇ ಕಚ್ಚಿದ ನಂತರ ತುಟಿ ಜೋಮು ಹಿಡಿದರೆ, ಮಾತು ತೊದಲಿದರೆ ತಡ ಮಾಡದೆ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಹೇಳಿದರೂ, ನಮ್ಮ ಬಂಡೆಗಳಲ್ಲಿ ಆಕ್ಟೋಪಸ್‌ಗಿಂತ ತೆರೆಯೇ ಅಪಾಯ. ಒಬ್ಬರೇ ಹೋಗಬೇಡಿ. ಗುಂಡಿ ನೋಡುವವರು ಒಬ್ಬರಾದರೆ ಕಡಲು ನೋಡುವವರು ಇನ್ನೊಬ್ಬರು ಇರಲಿ. ಹವಾಯಿ ಚಪ್ಪಲಿ ಜಾರುತ್ತದೆ, ಹಿಡಿತ ಇರುವ ಹಳೆ ಕ್ಯಾನ್ವಾಸ್ ಶೂ ಸಾಕು. ನೀರು ತಿರುಗಿ ಏರತೊಡಗಿದ ಕೂಡಲೇ ಹೊರಡಿ, ಏಕೆಂದರೆ ನೀವು ದಾಟಿ ಬಂದ ತಗ್ಗಿನ ಜಾಗವೇ ಮೊದಲು ತುಂಬುತ್ತದೆ. ಗಾಳಿಯಿಲ್ಲದ ದಿನವೂ ದೂರದಿಂದ ದೊಡ್ಡ ತೆರೆ ಬರುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದರ ಎಚ್ಚರಿಕೆ ಹೊರಡಿಸುತ್ತದೆ, ಹೊರಡುವ ಹಿಂದಿನ ದಿನ ಒಮ್ಮೆ ನೋಡಿ. ಯಾರಾದರೂ ನೀರಿಗೆ ಬಿದ್ದರೆ 112 ಅಥವಾ ಕರಾವಳಿ ಕಾವಲು ಪೊಲೀಸರ 1093.

ಫೋಟೋ ಸಿಕ್ಕರೆ ಫ್ಲ್ಯಾಶ್ ಇಲ್ಲದೆ ತೆಗೆಯಿರಿ, ಮೊಬೈಲನ್ನು ನೀರಿನ ಮೇಲ್ಮೈಗೆ ಹತ್ತಿರ ಹಿಡಿದರೆ ಸ್ಪಷ್ಟವಾಗುತ್ತದೆ. ಐನ್ಯಾಚುರಲಿಸ್ಟ್ ಎಂಬ ಉಚಿತ ಆ್ಯಪ್‌ನಲ್ಲಿ ದಿನಾಂಕ, ಊರಿನ ಜೊತೆ ಹಾಕಿದರೆ ತಿಳಿದವರು ಜಾತಿ ಗುರುತಿಸಿ ಹೇಳುತ್ತಾರೆ. ಸಂದಿ ಇರುವ ನಿಖರ ಜಾಗವನ್ನು ಮಾತ್ರ ವಾಟ್ಸ್ಆ್ಯಪ್ ಗ್ರೂಪಿಗೆ ಕಳುಹಿಸಬೇಡಿ, ಮರುದಿನವೇ ಅಲ್ಲಿ ಜನ ಸೇರಿ ಕಲ್ಲು ಮಗುಚುತ್ತಾರೆ.