ಫ್ರೀವೀಲ್‌ಗೆ ವೆಲ್ಡಿಂಗ್ ಮಾಡಿಸಿದರೆ ಸೈಕಲ್‌ಗೆ ಬ್ರೇಕ್ ಬೇಕಿಲ್ಲವೇ? ಇಲ್ಲಿದೆ ಸತ್ಯಾಂಶ

ಸಾರಾಂಶ

ಹಳೆಯ ಗೇರ್ ಸೈಕಲ್‌ನ ಗೇರ್‌ಗಳನ್ನು ಬಿಚ್ಚಿಸಿ, ಫ್ರೀವೀಲ್‌ಗೆ ವೆಲ್ಡಿಂಗ್ ಮಾಡಿಸಿದರೆ ಅದು ‘ಫಿಕ್ಸಿ’ ಆಗುತ್ತದೆ, ಆಮೇಲೆ ಬ್ರೇಕ್ ಬೇಡ, ಕಾಲಲ್ಲೇ ನಿಲ್ಲಿಸಬಹುದು ಎನ್ನುವ ಸಂದೇಶವೊಂದು ನಮಗೆ ಬಂದಿದೆ. ನಾವು ಪರಿಶೀಲಿಸಿದಾಗ ಇದು ಅರ್ಧ ನಿಜ ಎಂದು ಗೊತ್ತಾಯಿತು. ಗೇರ್ ತೆಗೆದು ಸೈಕಲ್ ಅನ್ನು ಸರಳ ಮಾಡಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ವೆಲ್ಡಿಂಗ್ ಮಾಡಿಸುವ ಮತ್ತು ಬ್ರೇಕ್ ತೆಗೆಯುವ ಸಲಹೆಗಳು ಜೀವಕ್ಕೆ ಅಪಾಯ ತರುವಂಥವು.

ಸಿಂಗಲ್ ಸ್ಪೀಡ್, ಫಿಕ್ಸಿ ಎರಡೂ ಒಂದೇನಾ?

ಅಲ್ಲ. ಎರಡರಲ್ಲೂ ಇರುವುದು ಒಂದೇ ಗೇರ್, ನಿಜ. ವ್ಯತ್ಯಾಸ ಇರುವುದು ಹಿಂದಿನ ಚಕ್ರದಲ್ಲಿ.

ಪೇಪರ್ ಹಾಕುವವರು, ಹಾಲು ತರುವವರು ಓಡಿಸುವ ನಮ್ಮ ಸಾದಾ ಸೈಕಲ್ ಕೂಡ ಸಿಂಗಲ್ ಸ್ಪೀಡ್ ಸೈಕಲ್ಲೇ. ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ‘ಟಿಕ್ ಟಿಕ್’ ಎಂದು ಸದ್ದು ಮಾಡುತ್ತಾ ಓಡುತ್ತದೆ. ಹಾಗೆ ಓಡಲು ಬಿಡುವ ಭಾಗವೇ ಫ್ರೀವೀಲ್.

ಫಿಕ್ಸಿಯಲ್ಲಿ ಫ್ರೀವೀಲ್ ಇರುವುದಿಲ್ಲ. ಚಕ್ರ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ವೆಲೊಡ್ರೋಮ್ ಎಂಬ ಓರೆಯಾದ ಟ್ರ್ಯಾಕ್‌ಗಳಲ್ಲಿ ನಡೆಯುವ ರೇಸ್‌ಗಳ ಸೈಕಲ್‌ಗಳು ಹೀಗಿರುತ್ತವೆ ಮತ್ತು ಅವಕ್ಕೆ ಬ್ರೇಕ್ ಇರುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಅಡ್ಡ ಬರುವ ನಾಯಿ, ದಿಢೀರನೆ ನಿಲ್ಲುವ ಆಟೊ, ರಸ್ತೆ ದಾಟುವ ಅಜ್ಜಿ ಯಾರೂ ಇರುವುದಿಲ್ಲ. ‘ರೇಸ್ ಸೈಕಲ್‌ಗೇ ಬ್ರೇಕ್ ಇಲ್ಲ’ ಎನ್ನುವ ಸಂದೇಶ ಈ ವಿಷಯವನ್ನು ಹೇಳುವುದೇ ಇಲ್ಲ.

ವೆಲ್ಡಿಂಗ್ ಮಾಡಿಸಿದರೆ ಏನಾಗುತ್ತದೆ?

ಹಳೆಯ ಸೈಕಲ್‌ಗಳಲ್ಲಿ ಫ್ರೀವೀಲ್ ಅನ್ನು ಬಾಟಲಿಯ ಮುಚ್ಚಳದಂತೆ ಹಬ್‌ನ ಥ್ರೆಡ್ ಮೇಲೆ ತಿರುಗಿಸಿ ಕೂರಿಸಿರುತ್ತಾರೆ. ನಾವು ಮುಂದಕ್ಕೆ ತುಳಿದಂತೆಲ್ಲ ಅದು ಇನ್ನಷ್ಟು ಬಿಗಿಯಾಗುತ್ತದೆ. ಹಿಂದಕ್ಕೆ ತುಳಿದರೆ ಫ್ರೀವೀಲ್ ಸುಮ್ಮನೆ ತಿರುಗುತ್ತದೆ, ಆ ಬಲ ಥ್ರೆಡ್‌ವರೆಗೆ ಹೋಗುವುದೇ ಇಲ್ಲ. ಹಾಗಾಗಿ ಅದು ಬಿಚ್ಚಿಕೊಳ್ಳುವುದಿಲ್ಲ.

ವೆಲ್ಡಿಂಗ್ ಮಾಡಿಸಿದಾಗ ಈ ರಕ್ಷಣೆ ಹೋಗುತ್ತದೆ. ಸೈಕಲ್ ನಿಲ್ಲಿಸಲು ಪೆಡಲ್ ಅನ್ನು ಹಿಂದಕ್ಕೆ ಒತ್ತಿದರೆ ಆ ಬಲ ನೇರವಾಗಿ ಥ್ರೆಡ್ ಮೇಲೆ ಬಿದ್ದು, ಮುಚ್ಚಳ ತೆರೆದಂತೆ ಅದನ್ನು ಬಿಚ್ಚಲು ನೋಡುತ್ತದೆ. ಅಂದರೆ ನೀವು ಜೋರಾಗಿ ನಿಲ್ಲಿಸಬೇಕಾದ ಕ್ಷಣದಲ್ಲೇ ಅದು ಕೈಕೊಡಬಹುದು. ಬ್ರೇಕ್ ಕೂಡ ತೆಗೆಸಿದ್ದರೆ ಆಗ ಸೈಕಲ್ ನಿಲ್ಲಿಸಲು ಏನೂ ಉಳಿದಿರುವುದಿಲ್ಲ.

ನಿಜವಾದ ಫಿಕ್ಸಿಯ ಹಬ್ ಬೇರೆಯೇ ಇರುತ್ತದೆ. ಅದರಲ್ಲಿ ಎರಡು ಥ್ರೆಡ್‌ಗಳಿವೆ. ಒಂದರ ಮೇಲೆ ಹಲ್ಲುಚಕ್ರ ಕೂರುತ್ತದೆ. ಪಕ್ಕದಲ್ಲಿ ಸ್ವಲ್ಪ ಚಿಕ್ಕದಾದ, ಉಲ್ಟಾ ತಿರುಗುವ ಇನ್ನೊಂದು ಥ್ರೆಡ್ ಇದ್ದು, ಅದರ ಮೇಲೆ ಲಾಕ್‌ರಿಂಗ್ ಕೂರುತ್ತದೆ. ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ. ವೆಲ್ಡಿಂಗ್ ಈ ಕೆಲಸ ಮಾಡಲಾರದು.

ಕಾಲಲ್ಲೇ ನಿಲ್ಲಿಸಬಹುದೇ?

ನಿಧಾನ ಮಾಡಬಹುದು. ತುರ್ತಾಗಿ ನಿಲ್ಲಿಸುವುದು ಕಷ್ಟ.

ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ವಾಲುತ್ತಾರೆ. ಸೈಕಲ್‌ನಲ್ಲೂ ಹಾಗೆಯೇ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಫಿಕ್ಸಿಯಲ್ಲಿ ಕಾಲಿನ ಬಲ ಬೀಳುವುದು ಹಿಂದಿನ ಚಕ್ರದ ಮೇಲೆ ಮಾತ್ರ. ಒಣ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿದ್ದಾಗ ಒಳ್ಳೆಯ ಮುಂದಿನ ಬ್ರೇಕ್ ಹಿಡಿದರೆ ಸೈಕಲ್ ಸುಮಾರು 5 ಮೀಟರ್‌ನಲ್ಲಿ ನಿಲ್ಲುತ್ತದೆ. ಹಿಂದಿನ ಚಕ್ರವನ್ನೇ ನಂಬಿದರೆ ಸುಮಾರು 10 ಮೀಟರ್ ಬೇಕು. ನಡುವಿನ ಅಂತರ ಒಂದು ಕಾರಿಗಿಂತ ಉದ್ದ.

ಇಳಿಜಾರಿನಲ್ಲಿ ಕಷ್ಟ ಇನ್ನೂ ಹೆಚ್ಚು. ಮುಂದೆ 42 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 5.5 ಮೀಟರ್ ಹೋಗುತ್ತದೆ. ಫ್ಲೈಓವರ್ ಇಳಿಯುವಾಗ ವೇಗ 45 ಕಿ.ಮೀ. ಮುಟ್ಟಿದರೆ ನಿಮಿಷಕ್ಕೆ ಸುಮಾರು 136 ಸುತ್ತು ಕಾಲು ತಿರುಗಲೇಬೇಕು. ಅಷ್ಟು ವೇಗವಾಗಿ ತಿರುಗುತ್ತಿರುವ ಪೆಡಲ್ ಅನ್ನು ಕಾಲಲ್ಲಿ ತಡೆಯುವುದು ಸುಲಭವಲ್ಲ.

ಇದು ಬರೀ ಲೆಕ್ಕಾಚಾರದ ಮಾತಲ್ಲ. 2016ರಲ್ಲಿ ಲಂಡನ್‌ನಲ್ಲಿ ಮುಂದಿನ ಬ್ರೇಕ್ ಇಲ್ಲದ ಫಿಕ್ಸಿ ಸೈಕಲ್ ಡಿಕ್ಕಿ ಹೊಡೆದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಮೃತಪಟ್ಟರು. 2017ರಲ್ಲಿ ಸವಾರನಿಗೆ 18 ತಿಂಗಳ ಶಿಕ್ಷೆಯಾಯಿತು. ಬ್ರಿಟನ್‌ನಲ್ಲಿ 1983ರ ನಿಯಮದ ಪ್ರಕಾರ ರಸ್ತೆಯಲ್ಲಿ ಓಡುವ ಫಿಕ್ಸಿ ಸೈಕಲ್‌ಗೂ ಮುಂದಿನ ಬ್ರೇಕ್ ಇರಲೇಬೇಕು.

ಹಾಗಾದರೆ ಸರಿಯಾಗಿ ಬದಲಾಯಿಸುವುದು ಹೇಗೆ?

ಮೂಲೆ ಸೇರಿರುವ ಹಳೆಯ ರೋಡ್ ಬೈಕ್‌ಗೆ ಸಿಂಗಲ್ ಸ್ಪೀಡ್ ಒಳ್ಳೆಯ ದಾರಿ. ಗೇರ್ ಕೇಬಲ್ ಇಲ್ಲ, ಅಡ್ಜಸ್ಟ್‌ಮೆಂಟ್ ಇಲ್ಲ, ರಿಪೇರಿ ಕಡಿಮೆ. ಸೈಕಲ್ ಶಾಪ್‌ಗೆ ಹೋಗುವ ಮುನ್ನ ಇವುಗಳನ್ನು ನೋಡಿಕೊಳ್ಳಿ:

• ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳು ಅಡ್ಡಕ್ಕೆ ಇದೆಯೇ, ನೇರ ಕೆಳಕ್ಕೆ ಇದೆಯೇ? ಅಡ್ಡಕ್ಕಿದ್ದರೆ ಚಕ್ರವನ್ನು ಹಿಂದೆ ಎಳೆದು ಚೈನ್ ಬಿಗಿ ಮಾಡಬಹುದು. ನೇರ ಕೆಳಕ್ಕಿದ್ದರೆ ಸ್ಪ್ರಿಂಗ್ ಇರುವ ಚೈನ್ ಟೆನ್ಷನರ್ ಹಾಕಿಸಬೇಕಾಗುತ್ತದೆ. ಈ ಟೆನ್ಷನರ್ ಸಿಂಗಲ್ ಸ್ಪೀಡ್‌ಗೆ ಮಾತ್ರ, ಫಿಕ್ಸಿಗೆ ಆಗುವುದಿಲ್ಲ.

• ಥ್ರೆಡ್ ಇರುವ ಹಬ್ ಆದರೆ 16 ಅಥವಾ 18 ಹಲ್ಲಿನ ಸಿಂಗಲ್ ಫ್ರೀವೀಲ್ ಸಾಕು. ಏರು ರಸ್ತೆ ಹೆಚ್ಚಿದ್ದರೆ 18 ಆರಿಸಿ. ಕ್ಯಾಸೆಟ್ ಹಬ್ ಆದರೆ ಒಂದೇ ಹಲ್ಲುಚಕ್ರ ಮತ್ತು ಸ್ಪೇಸರ್‌ಗಳ ಕಿಟ್ ಬೇಕು.

• ಹಿಂದಿನಿಂದ ನೋಡಿದಾಗ ಚೈನ್ ನೆಟ್ಟಗೆ ಒಂದೇ ಗೆರೆಯಲ್ಲಿರಬೇಕು. ಸೊಟ್ಟಗಿದ್ದರೆ ಕಳಚಿಕೊಳ್ಳಬಹುದು.

• ಚೈನ್‌ನ ನಡುಭಾಗ ಒತ್ತಿದರೆ ಸುಮಾರು 1 ಸೆಂ.ಮೀ. ಅಲುಗಾಡಬೇಕು. ತೀರಾ ಬಿಗಿಯೂ ಬೇಡ, ಸಡಿಲವೂ ಬೇಡ.

• ಗೇರ್ ಮತ್ತು ಬ್ರೇಕ್ ಒಂದೇ ಲಿವರ್‌ನಲ್ಲಿದ್ದರೆ ಬ್ರೇಕ್‌ಗೆಂದೇ ಬೇರೆ ಲಿವರ್ ಹಾಕಿಸಿ. ಎರಡೂ ಬ್ರೇಕ್ ಉಳಿಸಿಕೊಳ್ಳಿ.

ಫಿಕ್ಸಿಯೇ ಬೇಕೆನ್ನುವವರು ಲಾಕ್‌ರಿಂಗ್ ಇರುವ ಟ್ರ್ಯಾಕ್ ಹಬ್‌ನ ಚಕ್ರವನ್ನೇ ಕೊಳ್ಳಬೇಕು. ಅದರ ಅಗಲ ಸಾಮಾನ್ಯವಾಗಿ 120 ಮಿ.ಮೀ. ಹಳೆಯ ಫ್ರೇಮ್‌ನ ಜಾಗ 126 ಮಿ.ಮೀ. ಇದ್ದರೆ ಎರಡೂ ಬದಿಗೆ ಸ್ಪೇಸರ್ ಹಾಕಿ ಹೊಂದಿಸಬೇಕು. ಮುಂದಿನ ಬ್ರೇಕ್ ಕಡ್ಡಾಯವಾಗಿ ಇರಲಿ.

ಇನ್ನೊಂದು ಎಚ್ಚರಿಕೆ. ಫಿಕ್ಸಿಯ ಚೈನ್ ಒರೆಸುವಾಗ ಚಕ್ರ ತಿರುಗಿಸಬೇಡಿ. ಬಟ್ಟೆಯೋ ಬೆರಳೋ ಹಲ್ಲಿಗೆ ಸಿಕ್ಕಿಕೊಂಡರೂ ಚಕ್ರದ ವೇಗಕ್ಕೆ ಚೈನ್ ಓಡುತ್ತಲೇ ಇರುತ್ತದೆ, ಬೆರಳು ತುಂಡಾಗಬಹುದು. ವೇಲ್, ಸಡಿಲ ಪ್ಯಾಂಟ್, ಬಿಚ್ಚಿದ ಶೂ ಲೇಸ್ ಬಗ್ಗೆಯೂ ಇದೇ ಜಾಗ್ರತೆ ಬೇಕು. ಮಕ್ಕಳನ್ನು ದೂರವಿಡಿ.

‘ಸೈಕಲ್ ತೂಕ ಅರ್ಧ ಆಗುತ್ತದೆ’ ನಿಜವೇ?

ಇಲ್ಲ. ಗೇರ್‌ನ ಭಾಗಗಳನ್ನೆಲ್ಲ ತೆಗೆದರೂ ಕಡಿಮೆಯಾಗುವುದು ಅರ್ಧ ಕಿಲೋದಿಂದ ಹೆಚ್ಚೆಂದರೆ ಒಂದು ಕಿಲೋ ಆಸುಪಾಸು. ತೂಕವೆಲ್ಲ ಫ್ರೇಮ್, ಚಕ್ರ, ಟೈರ್‌ಗಳಲ್ಲಿದೆ.

ತೀರ್ಮಾನ

ಹಳೆಯ ರೋಡ್ ಬೈಕ್ ಅನ್ನು ಸಿಂಗಲ್ ಸ್ಪೀಡ್ ಮಾಡಿಸಬಹುದು ಎನ್ನುವುದು ನಿಜ. ಫ್ರೀವೀಲ್‌ಗೆ ವೆಲ್ಡಿಂಗ್ ಮಾಡಿಸಿ ಬ್ರೇಕ್ ತೆಗೆಯಬಹುದು ಎನ್ನುವುದು ತಪ್ಪು ಮತ್ತು ಅಪಾಯಕಾರಿ. ಈ ಸಂದೇಶ ನಿಮಗೂ ಬಂದಿದ್ದರೆ, ಕಳುಹಿಸಿದವರಿಗೆ ಮೊದಲು ಇದನ್ನು ತಿಳಿಸಿ. ಅಷ್ಟರಲ್ಲೇ ಯಾರಾದರೂ ವೆಲ್ಡಿಂಗ್ ಮಾಡಿಸಿದ್ದರೆ, ಆ ಚಕ್ರ ಬದಲಾಯಿಸುವವರೆಗೆ ಸೈಕಲ್ ರಸ್ತೆಗೆ ಇಳಿಸಬೇಡಿ ಎಂದು ಹೇಳಿ.