ಕಾರಿನ ಹಿಂದಿನ ಸೀಟಿನಲ್ಲಿ ಮೂವರು ಮಕ್ಕಳು: ಸುರಕ್ಷಾ ಸೀಟುಗಳ ಜೋಡಣೆ

ಬೇಸಿಗೆ ರಜೆ ಬಂತೆಂದರೆ ಮುಂಬಯಿಯ ಕನ್ನಡ ಕುಟುಂಬಗಳು ಊರಿನ ದಾರಿ ಹಿಡಿಯುವುದು ವಾಡಿಕೆ. ಉಡುಪಿ, ಮಂಗಳೂರುಗಳವರೆಗಿನ ಸುಮಾರು 900 ಕಿಲೋಮೀಟರ್ ಹಾದಿಯನ್ನು ಇಂದು ಅನೇಕರು ಸ್ವಂತ ಕಾರಿನಲ್ಲಿಯೇ ಕ್ರಮಿಸುತ್ತಾರೆ. ಮನೆಯ ಇಬ್ಬರು ಮಕ್ಕಳೊಡನೆ ತಂಗಿಯ ಮಗುವೂ ಹೊರಟಿತೆಂದರೆ, ಒಂದೇ ಸೀಟಿನಲ್ಲಿ ಮೂವರನ್ನು ಸುರಕ್ಷಿತವಾಗಿ ಕೂರಿಸುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಚಿಕ್ಕದನ್ನು ಅಜ್ಜಿಯ ಮಡಿಲಿಗೆ ಕೊಟ್ಟರಾಯಿತು ಎಂಬ ಹಳೆಯ ಪರಿಹಾರದಲ್ಲಿ ಪ್ರೀತಿಯಿದೆ, ರಕ್ಷಣೆಯಿಲ್ಲ.

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನೋಣ. ಆಗ 10 ಕಿಲೋ ತೂಕದ ಮಗುವನ್ನು ತಡೆದು ಹಿಡಿಯಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತೋಳಿಗೂ ಇದು ಸಾಧ್ಯವಲ್ಲ.

ಕಾನೂನು ಏನೆನ್ನುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷಾ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಚಲಾಯಿಸಿದವರಿಗೆ 1,000 ರೂಪಾಯಿ ದಂಡವಿದೆ. 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯು ಮಕ್ಕಳ ರಕ್ಷಣೆಗೆ ಪ್ರತ್ಯೇಕ ಅಂಕಗಳನ್ನು ನೀಡುತ್ತದೆ. ಹೊಸ ಕಾರು ಕೊಳ್ಳುವವರು ಅದನ್ನು ಗಮನಿಸುವುದು ಒಳಿತು.

ಸೀಟುಗಳ ಬಗೆ

ಮಕ್ಕಳ ಸೀಟುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಎಳೆಯ ಮಕ್ಕಳಿಗೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿರುವ ಹಿಮ್ಮುಖ ಸೀಟು ಬೇಕು. ಎಳೆಯ ಕೊರಳು ತಲೆಯ ಭಾರವನ್ನು ತಡೆಯಲಾರದಾದ್ದರಿಂದ, ಡಿಕ್ಕಿಯ ಬಲವನ್ನು ಇಡೀ ಬೆನ್ನಿಗೆ ಹಂಚುವುದು ಇದರ ಕೆಲಸ. ಯುರೋಪಿನ ಆರ್129 ನಿಯಮದಂತೆ ಕನಿಷ್ಠ 15 ತಿಂಗಳವರೆಗೆ ಇದು ಕಡ್ಡಾಯ; ಸೀಟಿನ ಮಿತಿಯೊಳಗೆ ಇನ್ನೂ ಹೆಚ್ಚು ಕಾಲ ಮುಂದುವರಿಸುವುದು ಉತ್ತಮ. ಎರಡನೆಯದು, ತನ್ನದೇ ಪಟ್ಟಿಗಳಿರುವ ಮುಮ್ಮುಖ ಸೀಟು. ಮೂರನೆಯದಾದ ಬೂಸ್ಟರ್ ದೊಡ್ಡ ಮಕ್ಕಳನ್ನು ಎತ್ತರಿಸಿ, ಕಾರಿನ ಬೆಲ್ಟು ಹೊಟ್ಟೆಯ ಮೇಲಲ್ಲದೆ ತೊಡೆಯ ಮೇಲ್ಭಾಗದಲ್ಲಿಯೂ, ಕೊರಳಿನ ಮೇಲಲ್ಲದೆ ಹೆಗಲ ನಡುವೆಯೂ ಹಾಯುವಂತೆ ಮಾಡುತ್ತದೆ.

ಮೊದಲು ಅಳತೆ

ಆರ್129ರ ಐ-ಸೈಜ್ ಸೀಟುಗಳ ಅಗಲದ ಮಿತಿ 44 ಸೆಂಟಿಮೀಟರ್. ಅಂಥ ಮೂರಕ್ಕೆ 132 ಸೆಂಟಿಮೀಟರ್ ಬೇಕಾದೀತು. ಆದುದರಿಂದ ಕೊಳ್ಳುವ ಮುನ್ನ ಟೇಪು ಹಿಡಿದು ಹಿಂದಿನ ಸೀಟಿನ ಅಗಲವನ್ನು ಬಾಗಿಲಿನಿಂದ ಬಾಗಿಲಿಗೆ, ಕೂರುವ ಮಟ್ಟದಲ್ಲಿಯೂ ಹೆಗಲ ಮಟ್ಟದಲ್ಲಿಯೂ ಅಳೆಯಬೇಕು.

ಐಸೋಫಿಕ್ಸ್ ಎಂದರೆ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವಲ್ಲಿರುವ, 28 ಸೆಂಟಿಮೀಟರ್ ಅಂತರದ ಎರಡು ಉಕ್ಕಿನ ಕೊಂಡಿಗಳು. ಹೆಚ್ಚಿನ ಕಾರುಗಳಲ್ಲಿ ಇವು ಎರಡು ಬದಿಗಳಲ್ಲಿ ಮಾತ್ರ ಇರುತ್ತವೆ. ಎಡದಿಂದ ಒಂದು, ಬಲದಿಂದ ಒಂದು ಕೊಂಡಿಯನ್ನು ನಡುವಿನ ಸೀಟಿಗೆ ಎರವಲು ಪಡೆಯುವಂತಿಲ್ಲ. ನಡುವಿನ ಸೀಟನ್ನು ಕಾರಿನ ಬೆಲ್ಟಿನಿಂದಲೇ ಬಿಗಿಯಬೇಕು. ಹಳೆಯ ಕಾರುಗಳಲ್ಲಿ ನಡುವೆ ಸೊಂಟದ ಬೆಲ್ಟು ಮಾತ್ರ ಇರುವುದುಂಟು. ಅಲ್ಲಿ ಬೂಸ್ಟರ್ ಇಡಲೇಬಾರದು.

ಯಾರು ಎಲ್ಲಿ?

ಹಿಮ್ಮುಖ ಸೀಟು ಮತ್ತು ಮುಮ್ಮುಖ ಸೀಟುಗಳ ಅಗಲವಾದ ಭಾಗಗಳು ಬೇರೆ ಬೇರೆ ಕಡೆ ಇರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅನೇಕ ವೇಳೆ ಒಂದರ ತಗ್ಗಿನಲ್ಲಿ ಇನ್ನೊಂದರ ಉಬ್ಬು ಕೂಡುತ್ತದೆ. ಬದಿಯಿಂದ ಬರುವ ಹೊಡೆತಕ್ಕೆ ನಡುವಿನ ಸ್ಥಾನವೇ ಅತಿ ದೂರವಾದರೂ, ಯಾವ ಸೀಟು ಎಲ್ಲಿ ಬಿಗಿಯಾಗಿ ಕೂರುತ್ತದೆ ಎಂಬುದೇ ಮುಖ್ಯ. ಬೂಸ್ಟರಿನ ಮಗುವಿಗೆ ಬಕಲು ಕೈಗೆಟುಕುವ ಜಾಗ ಬೇಕು. ಪಕ್ಕದ ಸೀಟಿನಡಿ ಬಕಲು ಹೂತುಹೋದರೆ ಮಗು ಬೆಲ್ಟನ್ನೇ ಬಿಟ್ಟುಬಿಡುತ್ತದೆ. ನಮ್ಮಲ್ಲಿ ಕಾಲುದಾರಿ ಎಡಕ್ಕಿರುವುದರಿಂದ ಮಕ್ಕಳನ್ನು ಎಡಬಾಗಿಲಿನಿಂದಲೇ ಹತ್ತಿಸಿ ಇಳಿಸುವುದು ಕ್ಷೇಮ.

ಸಾಮಾನ್ಯವಾಗಿ ನಡುವಿನ ಸೀಟನ್ನು ಮೊದಲು, ಬದಿಯವನ್ನು ಆಮೇಲೆ ಜೋಡಿಸುವುದು ಸುಲಭ. ಮುಮ್ಮುಖ ಸೀಟಿಗೆ ಮೇಲ್ಪಟ್ಟಿ ಇದ್ದರೆ ಅದನ್ನು ಕಾರಿನಲ್ಲಿ ಅದಕ್ಕೆಂದೇ ಇರುವ ಕೊಂಡಿಗೆ ಸಿಕ್ಕಿಸಬೇಕು. ಡಿಕ್ಕಿಯಲ್ಲಿರುವ ಸಾಮಾನು ಕಟ್ಟುವ ಕೊಕ್ಕೆ ಆ ಕೆಲಸಕ್ಕಲ್ಲ.

ನಾಲ್ಕು ಪರೀಕ್ಷೆಗಳು

1. ಬೆಲ್ಟು ಅಥವಾ ಐಸೋಫಿಕ್ಸ್‌ನಿಂದ ಬಿಗಿದ ಸೀಟನ್ನು, ಬಿಗಿದ ಸ್ಥಳದ ಬಳಿ ಹಿಡಿದು ಅಲುಗಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು.
2. ಒಂದು ಸೀಟನ್ನು ಬಿಚ್ಚಿ ತೆಗೆದು ಉಳಿದವನ್ನು ಪರೀಕ್ಷಿಸಿ. ಅವು ಸಡಿಲವಾದರೆ, ಪರಸ್ಪರ ಒತ್ತಡದಿಂದ ನಿಂತಿದ್ದವೇ ಹೊರತು ಭದ್ರವಾಗಿರಲಿಲ್ಲ ಎಂದರ್ಥ.
3. ಮಗುವಿನ ಹೆಗಲ ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಿ. ಮಡಿಕೆ ಸಿಕ್ಕಿದರೆ ಇನ್ನೂ ಬಿಗಿಯಬೇಕು.
4. ಹೆಗಲ ಪಟ್ಟಿ ಹಿಮ್ಮುಖ ಸೀಟಿನಲ್ಲಿ ಹೆಗಲಿನ ಮಟ್ಟದಲ್ಲಿ ಅಥವಾ ಕೆಳಗೆ, ಮುಮ್ಮುಖ ಸೀಟಿನಲ್ಲಿ ಹೆಗಲಿನ ಮಟ್ಟದಲ್ಲಿ ಅಥವಾ ಮೇಲಿನಿಂದ ಹೊರಡಬೇಕು.

ಮೂರೂ ಹಿಡಿಸದಿದ್ದರೆ?

ಒಂದೇ ಬೆಲ್ಟಿಗೆ ಇಬ್ಬರನ್ನು ಸೇರಿಸುವುದು ಪರಿಹಾರವಲ್ಲ. ಅಗಲ ಕಡಿಮೆಯಿರುವ ಸೀಟನ್ನು ಹುಡುಕಬಹುದು. ಮೂರು ಸಾಲಿನ ಕಾರಾದರೆ ಬೂಸ್ಟರಿನ ಮಗುವನ್ನು ಹಿಂದಿನ ಸಾಲಿಗೆ ಕಳುಹಿಸಬಹುದು. ಅನಿವಾರ್ಯವಾದರೆ ಹಿರಿಯ ಮಗುವನ್ನು ಬೂಸ್ಟರಿನೊಡನೆ ಮುಂದೆ ಕೂರಿಸಿ, ಆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಬಹುದು. ಆದರೆ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಎಂದಿಗೂ ಇಡಬಾರದು. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಮಗುವಿನ ಪ್ರಾಣಕ್ಕೇ ಎರವಾದೀತು. ಇವಾವುವೂ ಆಗದಿದ್ದಲ್ಲಿ ಇಬ್ಬರು ಕಾರಿನಲ್ಲಿ, ಉಳಿದವರು ಮತ್ಸ್ಯಗಂಧ ರೈಲಿನಲ್ಲಿ ಹೊರಡುವುದೇ ಲೇಸು.

ಅಪಘಾತಕ್ಕೊಳಗಾದ, ಅಥವಾ ಪೂರ್ವಾಪರ ತಿಳಿಯದ ಹಳೆಯ ಸೀಟನ್ನು ಬಳಸದಿರಿ. ಕಾರಿನ ಮತ್ತು ಸೀಟಿನ ಕೈಪಿಡಿಗಳೆರಡನ್ನೂ ಓದಿ, ಅವು ಹೇಳುವುದನ್ನೇ ಅಂತಿಮವೆಂದು ತಿಳಿಯಿರಿ. ಈ ಜೋಡಣೆಗೆ ಮೊದಲ ಸಲ ಒಂದೆರಡು ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಹೊರಡುವ ಮುಂಜಾವಿನ ಗಡಿಬಿಡಿಯಲ್ಲಿ ಅದನ್ನು ಮಾಡದೆ, ಹಿಂದಿನ ಭಾನುವಾರವೇ ಕಟ್ಟಡದ ಆವರಣದಲ್ಲಿ ಮಕ್ಕಳನ್ನು ಕೂರಿಸಿ ನೋಡಿಕೊಳ್ಳುವುದು ಜಾಣತನ.